ಕರಕುಶಲ ಸಂಗ್ರಹಾಲಯವೂ ಸಹೃದಯತೆಯೂ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಕಣ್ಣ ಮುಂದೆ ಮೊದಲು ಬರುವುದು ಗಾಜಿನ ಪೆಟ್ಟಿಗೆ. ಅದರ ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಹಲಗೆ. ಬಹುಕಾಲದವರೆಗೆ ಸಂಗ್ರಹಾಲಯದ ಧರ್ಮವೆಲ್ಲ ಆ ಒಂದು ಮಾತಿನಲ್ಲಿಯೇ ಅಡಗಿತ್ತು. ಹಳೆಯದನ್ನು ಕಾಯುವುದು ಅದರ ಕೆಲಸ. ದೂರ ನಿಂತು ನೋಡಿ ಬೆರಗಾಗುವುದು ನಮ್ಮ ಕೆಲಸ. ಕಲ್ಲಿನ ವಿಗ್ರಹ, ತಾಮ್ರದ ಶಾಸನ, ಹಳೆಯ ನಾಣ್ಯ ಇವುಗಳಿಗೆ ಈ ನಿಯಮ ಒಪ್ಪುತ್ತದೆ. ಬುಟ್ಟಿ, ಗಡಿಗೆ, ಕೌದಿ, ಸೀರೆಗಳ ಮಾತು ಬೇರೆ. ಅವು ಹುಟ್ಟಿದ್ದು ಕೈಯಿಂದ, ಬಾಳಿದ್ದು ಕೈಯಲ್ಲಿ. ಕೈಯಿಂದ ದೂರವಿಟ್ಟ ಗಡಿಗೆ ಅರ್ಧ ಗಡಿಗೆಯೇ ಸರಿ. ಅಂತೆಯೇ ಕರಕುಶಲ ಸಂಗ್ರಹಾಲಯಗಳು ಹಳೆಯ ಹಲಗೆಯನ್ನು ಕಿತ್ತು ಹೊಸದೊಂದನ್ನು ನೆಟ್ಟಿವೆ: ‘ಮುಟ್ಟಿರಿ, ಮಾಡಿ ನೋಡಿರಿ.’ ಈ ಹೊಸ ಹಲಗೆಯ ನೆರಳಿನಲ್ಲಿ ನಡೆಯುವ ಉತ್ಸವ, ಪ್ರಾತ್ಯಕ್ಷಿಕೆ, ಕೈಗೆಲಸದ ಶಿಬಿರಗಳನ್ನು ಹೊಗಳಿ ಸುಮ್ಮನಾಗುವುದು ಸುಲಭ. ಕಾವ್ಯವನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಇವುಗಳನ್ನೂ ಪರೀಕ್ಷಿಸಬೇಕಾಗಿದೆ ಎಂಬುದು ಈ ಲೇಖನದ ವಿನಂತಿ.

ಈ ವಿಚಾರ ಇಂದು ನಿನ್ನೆಯದಲ್ಲ. ೧೮೯೧ರಲ್ಲಿಯೇ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಆರ್ತುರ್ ಹಾಸೆಲಿಯಸ್ ಎಂಬಾತ ‘ಸ್ಕಾನ್ಸೆನ್’ ಎಂಬ ಬಯಲು ಸಂಗ್ರಹಾಲಯವನ್ನು ತೆರೆದ. ನಾಡಿನ ಬೇರೆ ಬೇರೆ ಮೂಲೆಗಳಿಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ. ಮನೆಯ ಜೊತೆಗೆ ಮನೆಯ ಕಸುಬನ್ನೂ ತೋರಿಸಬೇಕೆಂದು ಬಯಸಿದ. ನಮ್ಮ ದೇಶದಲ್ಲಿ ಸ್ವಾತಂತ್ರ್ಯಾನಂತರ ಕೈಕಸುಬಿಗೆ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ಅಗ್ರಗಣ್ಯರು. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು; ೧೯೫೬ರ ಹೊತ್ತಿಗೆ ದಿಲ್ಲಿಯ ಕರಕುಶಲ ಸಂಗ್ರಹಾಲಯಕ್ಕೆ ಬುನಾದಿ ಬಿತ್ತು. ಮುಂದೆ ಅಲ್ಲಿ ಕಸುಬುದಾರರು ಬಂದು ನೆಲೆಸಿ, ನೋಡುವವರ ಎದುರಿನಲ್ಲಿಯೇ ಕೆಲಸ ಮಾಡುವ ಪದ್ಧತಿ ಬೆಳೆಯಿತು. ನಮ್ಮ ರಾಜ್ಯದಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ವಸ್ತುವನ್ನು ಅದರ ಬದುಕಿನೊಡನೆ ಸೇರಿಸಿ ತೋರಿಸುವ ಹಂಬಲದಿಂದಲೇ ಹುಟ್ಟಿದ್ದು.

ಇವೆಲ್ಲಕ್ಕಿಂತ ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಹತ್ತಿರದ ಉದಾಹರಣೆ ದೂರದ ಸಮುದ್ರತೀರದಲ್ಲಿದೆ. ಚೆನ್ನೈ ನಗರದ ದಕ್ಷಿಣಕ್ಕೆ, ಮುಟ್ಟುಕಾಡಿನಲ್ಲಿ, ‘ದಕ್ಷಿಣಚಿತ್ರ’ ಎಂಬ ಸಂಗ್ರಹಾಲಯವಿದೆ. ಡೆಬೋರಾ ತ್ಯಾಗರಾಜನ್ ಅವರು ಹುಟ್ಟುಹಾಕಿದ ಮದರಾಸು ಕ್ರಾಫ್ಟ್ ಫೌಂಡೇಶನ್ನಿನ ಕೂಸು ಇದು. ೧೯೯೬ರ ಡಿಸೆಂಬರಿನಲ್ಲಿ ಜನರಿಗೆ ತೆರೆಯಿತು. ತಮಿಳುನಾಡು, ಕೇರಳ, ಆಂಧ್ರ, ಕರ್ನಾಟಕಗಳ ಹಳೆಯ ಮಾದರಿಯ ಮನೆಗಳು ಅಲ್ಲಿ ಬೀದಿ ಬೀದಿಯಾಗಿ ನಿಂತಿವೆ. ಕರ್ನಾಟಕದ ಬೀದಿಯಲ್ಲಿ ಚಿಕ್ಕಮಗಳೂರಿನ ಮನೆಯ ಜೊತೆಗೆ ಇಳಕಲ್ಲಿನ ನೇಕಾರರ ಮನೆಯೂ ಒಂದು. ಕುಂಬಾರನ ತಿಗರಿಗೆ ಮಕ್ಕಳು ಕೈ ಹಚ್ಚುವುದು, ಓಲೆಗರಿಯಲ್ಲಿ ಆಟಿಕೆ ಹೆಣೆಯುವುದು, ಹಬ್ಬ ಹುಣ್ಣಿಮೆಗಳಲ್ಲಿ ಜನಪದ ಕುಣಿತ, ಕಸುಬುದಾರರ ಸಂತೆ, ಬೇಸಿಗೆಯ ಶಿಬಿರ, ಇವೆಲ್ಲ ಅಲ್ಲಿನ ನಿತ್ಯನೈಮಿತ್ತಿಕಗಳು. ತಮಿಳುನಾಡಿನ ಕಡಲಗಾಳಿಯಲ್ಲಿ ಇಳಕಲ್ಲಿನದೊಂದು ಮನೆ ನಿಂತಿದೆಯೆಂದರೆ ಅಭಿಮಾನವಾಗದೆ ಇರದು. ಆ ಅಭಿಮಾನ ತಣಿದ ಮೇಲೆ ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಇಂಥ ಮನೆಯನ್ನು ಹೊಕ್ಕು ಹೊರಬಂದ ಒಬ್ಬ ನಗರವಾಸಿ ಮರುದಿನ ಅಂಗಡಿಯಲ್ಲಿ ಇಳಕಲ್ ಸೀರೆಯೆಂದು ತೋರಿಸಿದ ಸೀರೆಯನ್ನು ಕೈಯಲ್ಲಿ ಹಿಡಿದಾಗ, ಅದು ಕೈಮಗ್ಗದ್ದೋ ಅದರ ಅನುಕರಣವೋ ಎಂಬುದನ್ನು ಹೇಳಬಲ್ಲನೇ? ಹೇಳಬಲ್ಲನಾದರೆ ಸಂಗ್ರಹಾಲಯದ ಶ್ರಮ ಸಾರ್ಥಕ. ಇಲ್ಲವಾದರೆ ಅವನು ನೋಡಿ ಬಂದದ್ದು ಒಂದು ಜಾತ್ರೆ.

ಈ ಪ್ರಶ್ನೆ ದಕ್ಷಿಣಚಿತ್ರವೊಂದಕ್ಕೇ ಅಲ್ಲ, ಈ ಬಗೆಯ ಎಲ್ಲ ಸಂಸ್ಥೆಗಳಿಗೂ ಸಲ್ಲುತ್ತದೆ. ಅವುಗಳ ಕಾರ್ಯಕ್ರಮಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಉತ್ಸವ. ಅದರ ಗುಣ ಸಂತೋಷ. ಅದರಿಂದ ಅದಕ್ಕಿಂತ ಹೆಚ್ಚಿನದನ್ನು ಕೇಳುವುದು ಅನ್ಯಾಯ. ಎರಡನೆಯದು ಪ್ರಾತ್ಯಕ್ಷಿಕೆ, ಬಲ್ಲವನು ಮಾಡುತ್ತಾನೆ, ನಾವು ನೋಡುತ್ತೇವೆ. ಮೂರನೆಯದು ನಾವೇ ಮಾಡಿ ನೋಡುವ ಶಿಬಿರ. ಈ ಮೂರನೆಯದನ್ನೇ ಇಂದು ಹೆಚ್ಚಾಗಿ ಕೊಂಡಾಡುತ್ತಾರೆ; ಎಚ್ಚರಿಕೆ ಹೆಚ್ಚಾಗಿ ಬೇಕಾದದ್ದೂ ಇಲ್ಲಿಯೇ. ಏಕೆಂದರೆ ನೋಡಿದವನು ತಾನು ನೋಡಿದೆನೆಂದಷ್ಟೇ ಹೇಳುತ್ತಾನೆ. ಮಾಡಿದವನು ತನಗೆ ತಿಳಿಯಿತೆಂದು ಹೇಳುತ್ತಾನೆ.

ಮಗ್ಗದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅತಿಥಿಯನ್ನು ಮಗ್ಗದ ಮುಂದೆ ಕೂರಿಸಿ, ಅವನ ಕೈಗೆ ಲಾಳಿಯನ್ನು ಕೊಟ್ಟು, ನಾಲ್ಕಾರು ಎಳೆ ಹೊಕ್ಕು ಹಾಯಿಸಲು ಬಿಡುವುದು ಎಲ್ಲೆಡೆಯಲ್ಲಿಯೂ ಕಾಣುವ ಪದ್ಧತಿ. ಲಾಳಿ ಓಡುತ್ತದೆ, ಹಣಿಗೆ ಬಡಿಯುತ್ತದೆ, ಅತಿಥಿ ನಗುತ್ತಾನೆ. ಆದರೆ ನೇಯ್ಗೆಯೆಂಬ ದೀರ್ಘ ಕಾವ್ಯದಲ್ಲಿ ಇದು ಪಲ್ಲವಿಯಂತೆ ಮರಳಿ ಮರಳಿ ಬರುವ, ಎಲ್ಲಕ್ಕಿಂತ ಸುಲಭವಾದ ಸಾಲು. ನೂಲಿಗೆ ಬಣ್ಣ ಹಾಕಿದವರು ಯಾರು? ಹಾಸು ಹಾಸಿದವರು ಯಾರು? ಕಂಡಿಕೆ ಸುತ್ತಿದವರು ಯಾರು? ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವನ ಹಿಂದೆ ಒಂದು ಮನೆಯೇ ದುಡಿದಿರುತ್ತದೆ. ಆ ದುಡಿಮೆಯ ಬಹುಭಾಗ ಹೆಂಗಸರದು, ಮುದುಕರದು. ಲಾಳಿಯನ್ನಷ್ಟೇ ಮುಟ್ಟಿ ಎದ್ದವನಿಗೆ ಅವರಾರೂ ಕಾಣುವುದಿಲ್ಲ. ಕಾಣದಿದ್ದರೆ, ಒಂದು ಸೀರೆಗೆ ಇಷ್ಟು ಬೆಲೆಯೇಕೆ ಎಂಬ ಅವನ ಗೊಣಗಾಟವೂ ಹೋಗುವುದಿಲ್ಲ.

ಇಳಕಲ್ ಸೀರೆಯಲ್ಲಂತೂ ಕಸುಬಿನ ಮರ್ಮ ಲಾಳಿಯ ಓಟದಲ್ಲಿಲ್ಲ, ಅದಿರುವುದು ಕೂಡಿಕೆಯಲ್ಲಿ. ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆಯೇ ಒಂದು ಹಾಸು. ಒಡಲಿನದು ಹತ್ತಿಯದಾಗಿರಬಹುದು, ರೇಷ್ಮೆಯದಾಗಿರಬಹುದು. ಸೆರಗಿನದು ಕೆಂಪು ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ಸಿಕ್ಕಿಸಿ, ಸಾಲಾಗಿ, ಎಳೆಗೆಳೆ ಕೂಡಿಸಬೇಕು. ತೋಪುತೆನೆ ಎಂಬ ಹೆಸರು ಈ ಕ್ರಮಕ್ಕೂ ಉಂಟು, ಇದರಿಂದ ಹುಟ್ಟಿದ ಸೆರಗಿಗೂ ಉಂಟು. ಕೆಂಪಿನ ಮೂರು ಪಟ್ಟಿ, ನಡುವೆ ಬಿಳಿಯ ಎರಡು ಪಟ್ಟಿ. ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲುಗಳನ್ನು ನೆನಪಿಗೆ ತರುವ ಆಕೃತಿಗಳು. ಗೋಮಿ, ಪರಾಸಪೇಟಿ, ಗಾಡಿ ಎಂದು ದಡಿಗಳಿಗೆ ಒಂದೊಂದು ಹೆಸರು. ಜೋಳದ ಹೊಲ, ಕೋಟೆಯ ಗೋಡೆ, ಗುಡ್ಡದ ಸಾಲು, ಇವು ಹುನಗುಂದ ಬಾದಾಮಿಗಳ ದಾರಿಯಲ್ಲಿ ನಡೆದವನಿಗೆ ದಿನವೂ ಕಾಣುವ ನೋಟಗಳು. ನೇಕಾರ ಅವನ್ನೇ ಸೆರಗಿಗೆ ತಂದಿದ್ದಾನೆ.

ಈ ಕೂಡಿಕೆಯಿಂದ ಹುಟ್ಟುವ ಪರಿಣಾಮವನ್ನು ಗಮನಿಸಬೇಕು. ಆರು, ಎಂಟು, ಒಂಬತ್ತು ಗಜ, ಯಾವ ಅಳತೆಯ ಸೀರೆಯೇ ಇರಲಿ, ಅದರ ಹಾಸನ್ನು ಆ ಒಂದು ಸೀರೆಗಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಉದ್ದನೆಯ ಒಂದೇ ಹಾಸನ್ನು ಮಗ್ಗಕ್ಕೆ ಏರಿಸಿ, ಸೀರೆಯ ಮೇಲೆ ಸೀರೆ ನೇಯ್ದು ಕತ್ತರಿಸುವ ಸೌಲಭ್ಯ ಇಲ್ಲಿಲ್ಲ. ಒಂದು ಸೀರೆ ಮುಗಿದರೆ ಮತ್ತೆ ಮೊದಲಿನಿಂದ ಆರಂಭ. ಈ ಕಷ್ಟವೇ ಇಳಕಲ್ ಸೀರೆಯ ಶೋಭೆಗೆ ಕಾರಣ. ಒಡಲು ನೀಲಿ, ಸೆರಗು ಕೆಂಪು ಎಂದುಕೊಳ್ಳಿ. ಹಾಸು ಒಂದೇ ಆಗಿದ್ದರೆ ಸೆರಗಿನ ಕೆಂಪಿನೊಳಗೆ ಒಡಲಿನ ನೀಲಿಯ ಎಳೆ ಹಾಯ್ದೇ ಹಾಯುತ್ತದೆ, ಕೆಂಪು ಮಂಕಾಗುತ್ತದೆ. ತೋಪುತೆನೆಯ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಅದರಿಂದಲೇ ಆ ಬಣ್ಣಕ್ಕೆ ದಾಳಿಂಬೆ ಬಿರಿದಂಥ ತುಂಬುತನ. ಒಡಲು ಸೆರಗುಗಳು ಸೇರುವೆಡೆಯನ್ನು ಬೆಳಕಿಗೆ ಹಿಡಿದರೆ ಕುಣಿಕೆಗಳ ಸಾಲು ಕಾಣುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಇಷ್ಟನ್ನು ಅರಿಯುವುದಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಲಾಳಿಯ ಆಟದಲ್ಲಿ ಕಳೆದುಬಿಡುವುದು ಎಂಥ ನಷ್ಟ!

ನಷ್ಟವೆಂದದ್ದು ಅಲಂಕಾರದ ಮಾತಲ್ಲ. ಇಳಕಲ್ ಸೀರೆಯ ಆಕೃತಿಯನ್ನು ವಿದ್ಯುತ್ ಮಗ್ಗ ಅನುಕರಿಸುತ್ತದೆ; ಅಚ್ಚುಮಾಡಿದ ಬಟ್ಟೆಯೂ ಅನುಕರಿಸುತ್ತದೆ. ದೂರದಿಂದ ನೋಡಿದರೆ ಬೇಧ ಕಾಣದು. ಬೆಲೆಯಲ್ಲಿ ಮಾತ್ರ ಬೇಧ ಕಾಣುತ್ತದೆ. ಸರಕಾರ ಸುಮ್ಮನೆ ಕುಳಿತಿಲ್ಲ. ೧೯೮೫ರ ಕಾಯಿದೆಯೊಂದು ಸೀರೆಯೂ ಸೇರಿದಂತೆ ಕೆಲವು ವಸ್ತುಗಳ ಉತ್ಪಾದನೆಯನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು. ೧೯೯೯ರ ಕಾಯಿದೆಯ ಪ್ರಕಾರ ಇಳಕಲ್ ಸೀರೆಗೆ ಅದರ ಊರಿನ ಹೆಸರೇ ರಕ್ಷಣೆಯಾಗುವಂತೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆತಿದೆ. ೨೦೧೫ರಿಂದ ಆಗಸ್ಟ್ ೭ನೆಯ ದಿನವನ್ನು, ೧೯೦೫ರ ಸ್ವದೇಶಿ ಚಳವಳಿಯ ನೆನಪಿಗಾಗಿ, ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸಲಾಗುತ್ತಿದೆ. ಆದರೆ ಅಂಗಡಿಯ ಕಟ್ಟೆಯ ಮೇಲೆ ಕಾಯಿದೆ ಬಂದು ಕೂಡುವುದಿಲ್ಲ. ಅಲ್ಲಿ ಕೂಡುವುದು ಕೊಳ್ಳುವವರ ಕಣ್ಣು, ಕೊಳ್ಳುವವರ ಬೆರಳು. ಆ ಕಣ್ಣು ಕುರುಡಾದರೆ ನಿಜವಾದ ತೋಪುತೆನೆ ನೇಯ್ದ ಮನೆಗೆ ಕೂಲಿ ಗಿಟ್ಟುವುದಿಲ್ಲ. ಕೂಲಿ ಗಿಟ್ಟದ ಮನೆಯಲ್ಲಿ ಮಗ ಮಗ್ಗಕ್ಕೆ ಕೂಡುವುದಿಲ್ಲ. ಸಂಗ್ರಹಾಲಯದ ಅರ್ಧ ಗಂಟೆಗೂ ಇಳಕಲ್ಲಿನ ಒಲೆಗೂ ಇರುವ ಸಂಬಂಧ ಇಷ್ಟು ಹತ್ತಿರದ್ದು.

ಇಲ್ಲಿ ಕೆಲವರು ಆಕ್ಷೇಪವೆತ್ತಬಹುದು. ‘ಒಂದು ಗಂಟೆಯಲ್ಲಿ ನೇಕಾರನಾಗುವುದುಂಟೇ? ತಲೆಮಾರುಗಳ ವಿದ್ಯೆಯನ್ನು ಆಟವಾಗಿಸುವುದೇ ತಪ್ಪು. ಮಾಡಿ ನೋಡುವ ಶಿಬಿರಗಳನ್ನೇ ಬಿಟ್ಟುಬಿಡಿರಿ.’ ಮಾತು ಗಟ್ಟಿಯಾಗಿದೆ. ಆದರೆ ಪೂರ್ತಿ ಸರಿಯಲ್ಲ. ಕಾಲೇಜಿನಲ್ಲಿ ಕಾವ್ಯ ಓದಿಸುವ ನಮ್ಮಂಥವರು ಯಾವ ವಿದ್ಯಾರ್ಥಿಯನ್ನೂ ಕುಮಾರವ್ಯಾಸನನ್ನಾಗಿ ಮಾಡುವ ಆಸೆಯಿಂದ ಷಟ್ಪದಿಯನ್ನು ಕಲಿಸುವುದಿಲ್ಲ. ಒಂದು ಪದ್ಯವನ್ನು ಗಟ್ಟಿಯಾಗಿ ಓದಿಸುತ್ತೇವೆ; ಮಾತ್ರೆಯನ್ನು ಬೆರಳಿನಲ್ಲಿ ಎಣಿಸಲು ಹಚ್ಚುತ್ತೇವೆ; ಆ ಲಯದಲ್ಲಿ ತಾನೇ ಎರಡು ಸಾಲು ಹೆಣೆದು ನೋಡೆಂದು ಹೇಳುತ್ತೇವೆ. ಹೆಣೆದ ಸಾಲು ಎರಡು ಕಾಸು ಬಾಳುವುದಿಲ್ಲ. ಆದರೆ ಹೆಣೆದ ಮೇಲೆ ಆ ಹುಡುಗ ಕುಮಾರವ್ಯಾಸನನ್ನು ಓದುವ ಬಗೆಯೇ ಬೇರೆಯಾಗುತ್ತದೆ. ಕಾವ್ಯಾಭ್ಯಾಸದಿಂದ ತಿಳಿಯಾದ ಮನಸ್ಸಿನವನನ್ನು ನಮ್ಮ ಆಲಂಕಾರಿಕರು ಸಹೃದಯನೆಂದು ಕರೆದರು. ಅವನು ಕವಿಯಲ್ಲ, ಆದರೆ ಅವನಿಲ್ಲದೆ ಕವಿಗೆ ಗತಿಯಿಲ್ಲ. ಬಟ್ಟೆಗೂ ಇಂಥ ಸಹೃದಯ ಬೇಕು. ಸಂಗ್ರಹಾಲಯದ ಶಿಬಿರ ನೇಕಾರನನ್ನು ತಯಾರಿಸಲಾರದು, ತಯಾರಿಸುವೆನೆಂದು ಹೇಳಲೂಬಾರದು. ಅದು ತಯಾರಿಸಬಹುದಾದದ್ದು ಮತ್ತು ತಯಾರಿಸಲೇಬೇಕಾದದ್ದು ಸಹೃದಯನನ್ನು.

ಹಾಗಾದರೆ ಶಿಬಿರ ಹೇಗಿರಬೇಕು? ಇದಕ್ಕೆ ನಮ್ಮ ಕಡೆಯ ಕಸೂತಿಯೇ ಗುರುವಾಗಬಲ್ಲದು. ಇಳಕಲ್ ಸೀರೆಯ ಮೇಲೆ ಹೆಣ್ಣುಮಕ್ಕಳು ಎಳೆಯೆಣಿಸಿ ಹಾಕುವ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಗೋಪುರ, ತೇರು, ತುಳಸೀ ವೃಂದಾವನ, ಆನೆ, ನವಿಲು ಎಲ್ಲವೂ ಈ ಹೊಲಿಗೆಗಳಿಂದಲೇ ಮೂಡುತ್ತವೆ. ಗವಂತಿಯಲ್ಲಿ ಸೂಜಿ ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಹೋಗುತ್ತ ಸಾಲಿನ ಕೊನೆ ಮುಟ್ಟುತ್ತದೆ. ಬಂದ ದಾರಿಯಲ್ಲಿಯೇ ಮರಳಿ, ಬಿಟ್ಟ ತೆರಪುಗಳನ್ನು ತುಂಬುತ್ತ ಮೊದಲಿಗೆ ಬರುತ್ತದೆ. ಗಂಟು ಹಾಕುವಂತಿಲ್ಲ. ಕೆಲಸ ಮುಗಿದಾಗ ಮುಂಭಾಗ ಹೇಗೋ ಹಿಂಭಾಗವೂ ಹಾಗೆಯೇ. ಒಂದು ಬೆರಳುದ್ದದ ಗವಂತಿಯನ್ನು ಹೊಸಬರು ಒಂದು ಗಂಟೆಯಲ್ಲಿ ಪೂರ್ತಿ ಹಾಕಿ ಮುಗಿಸಬಹುದು. ಎಳೆ ತಪ್ಪಿ ಎಣಿಸಿದರೆ ಮರಳುವ ದಾರಿಯಲ್ಲಿ ತಪ್ಪು ತಾನಾಗಿ ತಿಳಿಯುತ್ತದೆ; ಯಾರೂ ಹೇಳಬೇಕಿಲ್ಲ. ಬಟ್ಟೆಯನ್ನು ಮಗುಚಿ ನೋಡುವ ಅಭ್ಯಾಸ ಆ ಒಂದು ಗಂಟೆಯಲ್ಲಿ ಹತ್ತಿದರೆ ಸಾಕು. ಮುಂದೆ ಆ ವ್ಯಕ್ತಿ ಯಾವ ಅಂಗಡಿಗೆ ಹೋದರೂ ಕಸೂತಿಯ ಬೆನ್ನು ನೋಡದೆ ಬೆಲೆ ಕೇಳುವುದಿಲ್ಲ.

ಇದರಿಂದ ಒಂದು ತತ್ವ ಹೊರಡುತ್ತದೆ: ದೊಡ್ಡದರ ಚೂರಿಗಿಂತ ಚಿಕ್ಕದರ ಪೂರ್ಣತೆ ಲೇಸು. ಮಹಾಕಾವ್ಯದ ನಡುವಿನಿಂದ ಹರಿದು ತೆಗೆದ ಅರ್ಧ ಪದ್ಯಕ್ಕಿಂತ ಒಂದು ಪೂರ್ತಿ ತ್ರಿಪದಿ ಓದುಗನಿಗೆ ಹೆಚ್ಚು ಕಲಿಸುತ್ತದೆ. ಮಗ್ಗದ ಶಿಬಿರದಲ್ಲಿಯೂ ಈ ತತ್ವವನ್ನು ನಡೆಸಬಹುದು. ಒಂದು ಚಿಕ್ಕ ಚೌಕಟ್ಟಿಗೆ ಎರಡು ಬಣ್ಣದ ಹತ್ತು ಹನ್ನೆರಡು ಎಳೆಗಳನ್ನು ಕಟ್ಟಿ, ಕುಣಿಕೆಗೆ ಕುಣಿಕೆ ಸಿಕ್ಕಿಸಿ, ಕೂಡಿದ ಮೇಲೆ ಎರಡೂ ಬದಿಗೆ ನಾಲ್ಕು ಹೊಕ್ಕು ಹಾಯಿಸಲಿ. ಒಂದೇ ಹಾಸಿನ ಇನ್ನೊಂದು ತುಂಡನ್ನು ಪಕ್ಕದಲ್ಲಿಡಲಿ. ಎರಡರ ಕೆಂಪನ್ನು ಹೋಲಿಸಿ ನೋಡಿದವನಿಗೆ ಉಪನ್ಯಾಸ ಬೇಕಾಗುವುದಿಲ್ಲ. ಹತ್ತು ಎಳೆ ಕೂಡಿಸುವುದರಲ್ಲಿ ತನ್ನ ಕಣ್ಣು ದಣಿದರೆ, ಸೀರೆಯ ಅಗಲದ ಉದ್ದಕ್ಕೂ ಕೂಡಿಸಿದವರ ಕಣ್ಣು ಏನಾಗಿರಬೇಕು ಎಂಬ ವಿಚಾರ ಅವನಿಗೆ ತಾನಾಗಿಯೇ ಹೊಳೆಯುತ್ತದೆ. ಕೈಗೆಲಸದ ಶಿಬಿರದಿಂದ ಬರಬೇಕಾದ ವಿನಯ ಇದು.

ಎರಡನೆಯ ಮಾತು, ಕಲಿಸುವವರ ಸ್ಥಾನದ ಬಗೆಗೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನು, ಅಲ್ಲಿಯೇ ದುಡಿದ ಸರ್ವಸಿದ್ಧಿ ಆಚಾರಿಯ ಹೆಸರನ್ನು ಎಂಟನೆಯ ಶತಮಾನದ ಚಾಲುಕ್ಯರು ಕಲ್ಲಿನಲ್ಲಿಯೇ ಕೆತ್ತಿಸಿದರು, ಬಿರುದನ್ನೂ ಕೊಟ್ಟರು. ರಾಜನ ಹೆಸರಿನ ನೆರಳಿನಲ್ಲಿ ಕಸುಬುದಾರನ ಹೆಸರು ಕರಗಿಹೋಗಲು ಅವರು ಬಿಡಲಿಲ್ಲ. ಸಾವಿರದ ಇನ್ನೂರಕ್ಕೂ ಮೇಲ್ಪಟ್ಟ ವರ್ಷಗಳು ಕಳೆದ ಮೇಲೆ, ನಮ್ಮ ಸಂಗ್ರಹಾಲಯಗಳ ಚೀಟಿಗಳಲ್ಲಿ ಸಾಮಾನ್ಯವಾಗಿ ಓದಲು ಸಿಗುವುದೇನು? ‘ಸೀರೆ, ರೇಷ್ಮೆ ಮತ್ತು ಹತ್ತಿ, ಉತ್ತರ ಕರ್ನಾಟಕ.’ ನೇಯ್ದವರ ಹೆಸರಿಲ್ಲ. ಶಿಬಿರಕ್ಕೆ ಕರೆತಂದ ನೇಕಾರನನ್ನೂ ಮಗ್ಗದ ಒಂದು ಭಾಗವೆಂಬಂತೆ ಕೂರಿಸಿ, ಮಾತನ್ನೆಲ್ಲ ನಿರೂಪಕರೇ ಆಡಿದರೆ ಅದು ಗೌರವವಲ್ಲ. ಅವನು ಗುರು, ಅವನ ಹೆಸರು ಹಲಗೆಯ ಮೇಲೆ ಇರಬೇಕು, ಅವನ ಮಾತಿಗೆ ಸಮಯವಿರಬೇಕು, ಬಂದು ಕುಳಿತ ದಿನಗಳಲ್ಲಿ ಮಗ್ಗದ ಮೇಲೆ ಆಗದೆ ಉಳಿದ ಕೆಲಸದ ಲೆಕ್ಕ ಹಿಡಿದು ಅವನಿಗೆ ಸಂಭಾವನೆ ಸಲ್ಲಬೇಕು. ಜೇಡರ ದಾಸಿಮಯ್ಯನ ಕಾಲದಿಂದಲೂ ಲಾಳಿ ಹಿಡಿದ ಕೈಗೆ ಮಾತು ಬಾರದೆಂದು ಕನ್ನಡದಲ್ಲಿ ಯಾರೂ ಹೇಳುವಂತಿಲ್ಲ.

ಮೂರನೆಯ ಮಾತು ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು. ಬಾದಾಮಿಯಲ್ಲಿ, ಐಹೊಳೆಯಲ್ಲಿ ಪುರಾತತ್ವ ಇಲಾಖೆಯ ಸಂಗ್ರಹಾಲಯಗಳಿವೆ. ಚಾಲುಕ್ಯರ ಕಲ್ಲು ಅಲ್ಲಿ ಮಾತಾಡುತ್ತದೆ. ನೂಲಿನ ಮಾತು ಅವುಗಳ ವ್ಯಾಪ್ತಿಗೆ ಬಂದುದಲ್ಲ. ಆ ಕಲ್ಲನ್ನು ನೋಡಲು ಬರುವ ಪ್ರವಾಸಿಗನ ದಾರಿಯಲ್ಲಿಯೇ ಖಣದ ಗುಳೇದಗುಡ್ಡವಿದೆ. ಹುನಗುಂದ ದಾಟಿದರೆ ಇಳಕಲ್ಲು. ಆದರೂ ಇಳಕಲ್ಲಿನ ನೇಕಾರರ ಮನೆಯನ್ನು ಸಂಗ್ರಹಾಲಯದ ವಸ್ತುವೆಂದು ನೋಡಬೇಕಾದವರು ಮುಟ್ಟುಕಾಡಿಗೆ ಹೋಗುತ್ತಾರೆ. ನಗರದವರಿಗೆ ಮಾತ್ರ ಇಂಥ ಶಿಕ್ಷಣ ಬೇಕು, ನಮ್ಮೂರಿನವರಿಗೆ ಹುಟ್ಟಿನಿಂದಲೇ ತಿಳಿದಿರುತ್ತದೆ ಎಂದು ಭಾವಿಸುವುದು ಭ್ರಮೆ. ಹಿಂದೆ ಅದು ತಿಳಿದಿತ್ತು, ನಿಜ. ಮದುವೆಯ ಜವಳಿಗೆ ಹೋದ ಮನೆಯ ಹಿರಿಯಳು ಅಂಗಡಿಯವನು ಬಿಚ್ಚಿದ ಸೀರೆಯ ಸೆರಗಿನ ಕೂಡಿಕೆಗೆ ಮೊದಲು ಬೆರಳು ಹಚ್ಚುತ್ತಿದ್ದಳು. ಆಮೇಲೆ ಬಣ್ಣ, ಆಮೇಲೆ ಬೆಲೆ. ಪಕ್ಕದಲ್ಲಿ ಕುಳಿತ ಸೊಸೆ ನೋಡಿ ಕಲಿಯುತ್ತಿದ್ದಳು. ಆಗ ಅಂಗಡಿಯ ಕಟ್ಟೆಯೇ ಶಾಲೆ, ಬನಶಂಕರಿಯ ಜಾತ್ರೆಯೇ ಸಂಗ್ರಹಾಲಯ. ಇಂದು ಬಾಗಲಕೋಟೆಯ ಕಾಲೇಜಿನ ಹುಡುಗಿಗೂ ಚೆನ್ನೈಯ ಕಾಲೇಜಿನ ಹುಡುಗಿಗೂ ಈ ವಿಷಯದಲ್ಲಿ ಹೆಚ್ಚಿನ ಅಂತರ ಉಳಿದಿಲ್ಲ. ಹಿರಿಯಳ ಬೆರಳಿನೊಂದಿಗೆ ಆ ವಿದ್ಯೆಯೂ ಮನೆಯಿಂದ ಹೊರಟುಹೋಗುತ್ತಿದೆ.

ಬಾಗಲಕೋಟೆಯವರಿಗೆ ಈ ಮಾತಿನ ಅರ್ಥ ಬೇಗ ತಟ್ಟಬೇಕು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಬಹುಭಾಗವನ್ನು ನುಂಗಿತು. ಓಣಿ ಓಣಿಗಳೇ ಎದ್ದು ನವನಗರಕ್ಕೆ ಬಂದವು. ಬಾಗಿಲು, ಕಿಟಕಿ, ತೊಲೆ, ಪಾತ್ರೆಗಳನ್ನು ಗಾಡಿಗೆ ಹೇರಿ ತರಬಹುದು. ಓಣಿಯ ಕಟ್ಟೆಯ ಮೇಲೆ ಕುಳಿತು ನೋಡಿ ಕಲಿಯುತ್ತಿದ್ದುದನ್ನು ಗಾಡಿಗೆ ಹೇರಲಾಗದು. ಅದು ಬಂದರೆ ಮನುಷ್ಯರ ಕೈಯಲ್ಲಿ ಬರಬೇಕು. ಮುಟ್ಟುಕಾಡಿನ ಮನೆಗೂ ಇದೇ ನಿಯಮ. ಮನೆಯನ್ನು ಎಲ್ಲಿ ಬೇಕಾದರೂ ಮತ್ತೆ ಕಟ್ಟಬಹುದು. ಆ ಮನೆಯಲ್ಲಿದ್ದ ಅರಿವನ್ನು ದಿನದಿನವೂ ಹೊಸದಾಗಿ ಕಟ್ಟಬೇಕು. ಶಿಬಿರಗಳಿರುವುದು ಇದಕ್ಕಾಗಿ.

ಇದಕ್ಕೆ ದೊಡ್ಡ ಕಟ್ಟಡಕ್ಕಾಗಿ ಕಾಯುತ್ತ ಕೂಡಬೇಕಾಗಿಲ್ಲ. ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆಗಳ ಕಾಲೇಜುಗಳು ವರ್ಷಕ್ಕೊಮ್ಮೆ, ಬೇಕಾದರೆ ಆಗಸ್ಟ್ ೭ರಂದೇ, ತಮ್ಮ ವಿದ್ಯಾರ್ಥಿಗಳನ್ನು ಒಂದು ನೇಕಾರರ ಮನೆಯ ಪಡಸಾಲೆಗೆ ಕರೆದೊಯ್ಯಲಿ. ಭಾಷಣ ಬೇಡ, ಹಾರ ತುರಾಯಿ ಬೇಡ. ಒಂದು ನಿಜವಾದ ತೋಪುತೆನೆಯ ಸೀರೆ, ಒಂದು ಅನುಕರಣದ ಸೀರೆ, ಎರಡನ್ನೂ ಅಕ್ಕಪಕ್ಕ ಹಾಸಲಿ. ಮನೆಯವರು ಹೇಳಲಿ, ಮಕ್ಕಳು ಮುಟ್ಟಿ ನೋಡಲಿ. ಮನೆಯವರ ಆ ದಿನದ ಕೂಲಿಯನ್ನು ಕಾಲೇಜು ಕೊಡಲಿ. ಖಣ ಕಸೂತಿಗಳನ್ನು ಪಾಠದಲ್ಲಿ ಹೆಸರಿಸಿ ಮುಂದೆ ಹೋಗುವ ಕನ್ನಡ ಅಧ್ಯಾಪಕನಿಗೂ ಅದರಿಂದ ಲಾಭವುಂಟು. ಪದಕೋಶದಲ್ಲಿ ಸತ್ತು ಬಿದ್ದಿರುವ ಹಾಸು, ಹೊಕ್ಕು, ಕಂಡಿಕೆ, ಹಣಿಗೆಗಳಿಗೆ ಅಲ್ಲಿ ಜೀವ ಬರುತ್ತದೆ.

ದಕ್ಷಿಣಚಿತ್ರದಂಥ ಸಂಸ್ಥೆಗಳು ಮಾಡಿದ ಉಪಕಾರ ದೊಡ್ಡದು. ಮರೆಯಾಗಬಹುದಾದ ಮನೆಗಳನ್ನು ಉಳಿಸಿ, ‘ಮುಟ್ಟಬಾರದು’ ಎಂಬ ಹಲಗೆಯನ್ನು ಅವು ಕಿತ್ತು ಹಾಕಿದವು. ಅದು ಮೊದಲ ಹೆಜ್ಜೆ. ಮುಟ್ಟಿದ ಬೆರಳಿಗೆ ಏನು ತಿಳಿಯಿತು ಎಂದು ಕೇಳುವುದು ಎರಡನೆಯ ಹೆಜ್ಜೆ. ಎಷ್ಟು ಜನ ಬಂದರು, ಎಷ್ಟು ಜನ ಲಾಳಿ ಹಿಡಿದರು ಎಂಬ ಲೆಕ್ಕದಿಂದ ಶಿಬಿರದ ಬೆಲೆ ಕಟ್ಟಲಾಗದು. ಬಂದವರಲ್ಲಿ ನಾಲ್ಕು ಮಂದಿ ಅಂಗಡಿಗೆ ಹೋದಾಗ ಸೀರೆಯನ್ನು ಬೆಳಕಿಗೆ ಹಿಡಿದು, ಕೂಡಿಕೆಯ ಮೇಲೆ ಬೆರಳಾಡಿಸಿ, ಸರಿಯಾದ ಸೀರೆಗೆ ಸರಿಯಾದ ಬೆಲೆಯನ್ನು ಗೊಣಗದೆ ಕೊಟ್ಟರೆ, ಆ ಶಿಬಿರ ಸಫಲವಾಯಿತೆಂದು ತಿಳಿಯಬೇಕು.